ಕೇದಾರ, ಹೇಮಕುಂಡಕ್ಕೆ ಹೋದವರು ಬ್ರಹ್ಮಕಮಲ ತರಬಹುದಾ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಪ್ಪ, ಅಮ್ಮ ಮತ್ತು ಅವರ ಭಜನಾ ಮಂಡಳಿಯವರು ದಾವಣಗೆರೆಯಿಂದ ಕೇದಾರ, ಬದರಿಗೆ ಹೊರಟಿದ್ದಾರೆ. ಕಾಲು ಗಟ್ಟಿ ಇರುವ ಕೆಲವರು ಹೂಕಣಿವೆ (ವ್ಯಾಲಿ ಆಫ್ ಫ್ಲವರ್ಸ್), ಬೆಟ್ಟದ ಮೇಲಿನ ಸಿಖ್ಖರ ಯಾತ್ರಾಸ್ಥಳ ಹೇಮಕುಂಡವನ್ನೂ ನೋಡಿಕೊಂಡು ಬರೋಣ ಅಂತಿದ್ದಾರೆ. ತೊಂದರೆ ಏನಪ್ಪಾ ಅಂದರೆ, ಬೀದಿಯ ಅರ್ಧ ಜನ ಆಗಲೇ "ಬರುವಾಗ ಒಂದು ಬ್ರಹ್ಮಕಮಲ ತನ್ನಿ, ಒಣಗಿಸಿ ದೇವರ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ" ಎಂದು ಹೇಳಿ ಹೋಗಿದ್ದಾರೆ. ನನ್ನ ಹೆಂಡತಿ ಅದು ಅಪರೂಪದ ಹೂವು, ಕೀಳಬಾರದು ಅನ್ನುತ್ತಾಳೆ. ಅಮ್ಮ ಬಿಡುವುದಿಲ್ಲ. "ದೇವರಿಗೆ ಅಂತಲೇ ಹುಟ್ಟಿದ ಹೂವು ಅದು, ನಾವೇನು ಕೀಳುತ್ತೀವಾ, ಅಲ್ಲಿ ಮಾರುತ್ತಾರಂತೆ, ದುಡ್ಡು ಕೊಟ್ಟು ತಂದರೆ ಏನು ತಪ್ಪು?" ಅನ್ನುತ್ತಾರೆ. ಅತ್ತೆ ಸೊಸೆ ಮಧ್ಯೆ ನಾನು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಿತ್ತಲ_ಮಲ್ಲಿಗೆ

ಬ್ರಹ್ಮಕಮಲಕ್ಕೆ ಹಿಮಾಲಯದ ತನಕ ಯಾಕೆ ಹೋಗಬೇಕು? ನಮ್ಮ ಟೆರೇಸ್ ಮೇಲೆ ಮಳೆಗಾಲದಲ್ಲಿ ಒಂದೊಂದು ರಾತ್ರಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಎಲೆ ಬೇಕಾದರೆ ಕೊಡುತ್ತೇನೆ, ಮಣ್ಣಿಗೆ ಚುಚ್ಚಿದರೆ ಸಾಕು. ಇದಕ್ಕೆ ಅಪರೂಪ ಅಂತೆ!

ಗಿಡಗಂಟಿ

ಹಿತ್ತಲ ಮಲ್ಲಿಗೆಯವರೇ, ನಿಮ್ಮದು ಎಪಿಫಿಲಮ್. ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದಲ್ಲ, ಅದು. ಚೆಂದದ ಹೂವೇ, ಆದರೆ ಅದಕ್ಕೆ ಯಾವ ಕಷ್ಟವೂ ಬಂದಿಲ್ಲ. ಇಲ್ಲಿ ಕೇಳುತ್ತಿರುವುದು ಹಿಮಾಲಯದ ಬ್ರಹ್ಮಕಮಲದ ಬಗ್ಗೆ, ಸೊಸ್ಸೂರಿಯಾ ಒಬ್ವಲ್ಲಾಟಾ. ಇದು ಸೂರ್ಯಕಾಂತಿ, ಸೇವಂತಿಗೆಯ ಕುಟುಂಬದ್ದು. ಉತ್ತರಾಖಂಡದ ರಾಜ್ಯಪುಷ್ಪ. 1982ರಲ್ಲಿ ಅಂಚೆ ಇಲಾಖೆ ಹಿಮಾಲಯದ ಹೂಗಳ ಚೀಟಿ ತಂದಾಗ ಅದರಲ್ಲಿ ಇದೂ ಇತ್ತು. 2022ರ ಗಣರಾಜ್ಯೋತ್ಸವದಲ್ಲಿ ಪ್ರಧಾನಿ ಹಾಕಿಕೊಂಡಿದ್ದ ಟೋಪಿಯ ಮೇಲೆ ಇದ್ದದ್ದೂ ಇದೇ.

ಇದು ಬೆಳೆಯುವುದು ಹೆಚ್ಚಾಗಿ 3,700ರಿಂದ 4,600 ಮೀಟರ್ ಎತ್ತರದಲ್ಲಿ. ಅಂದರೆ ಮರಗಳೆಲ್ಲ ಮುಗಿದ ಮೇಲೆ ಸಿಗುವ ಹುಲ್ಲಿನ ಇಳಿಜಾರು, ಬಂಡೆ ಸಂದಿ. ವರ್ಷದಲ್ಲಿ ಎಷ್ಟೋ ತಿಂಗಳು ಹಿಮದ ಕೆಳಗೇ ಇರುತ್ತದೆ. ಹಿಮ ಕರಗಿ ಮತ್ತೆ ಬೀಳುವುದರೊಳಗೆ ಎಲೆ ಬಿಡಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು. ಫೋಟೋದಲ್ಲಿ ನಾವು ದಳ ಅಂದುಕೊಳ್ಳುವುದು ದಳವಲ್ಲ. ತಿಳಿ ಹಳದಿ, ತಿಳಿ ಹಸಿರು ಬಣ್ಣದ ತೆಳ್ಳನೆಯ ಎಲೆಗಳು ಅವು. ನಮ್ಮ ಕಾಗದದ ಹೂವಿನಲ್ಲಿ ಬಣ್ಣ ಇರುವುದು ಎಲೆಗೇ ಅಲ್ವಾ, ಹಾಗೆ. ನಿಜವಾದ ಹೂಗಳು ಒಳಗೆ ಗುಂಪಾಗಿ ಇರುತ್ತವೆ, ಚಿಕ್ಕವು, ನೇರಳೆ ಬಣ್ಣ. ಹೊರಗಿನ ಎಲೆ ಮುಚ್ಚಿಕೊಂಡಿರುವುದರಿಂದ ಒಳಗೆ ಸ್ವಲ್ಪ ಬೆಚ್ಚಗಿರುತ್ತದೆ, ಮಳೆನೀರು ಪರಾಗಕ್ಕೆ ಬೀಳುವುದಿಲ್ಲ, ಆ ಎತ್ತರದ ಸುಡು ಬಿಸಿಲೂ ನೇರ ತಾಗುವುದಿಲ್ಲ.

ಹೂ ಬಿಡುವುದು ಜುಲೈಯಿಂದ ಸೆಪ್ಟೆಂಬರ್. ಬೀಜ ಬಲಿಯುವುದು ಅದಾದ ಮೇಲೆ. ಯಾತ್ರಿಕರು ಬರುವುದು, ಹೂ ಕೀಳುವುದು ಜುಲೈ, ಆಗಸ್ಟ್‌ನಲ್ಲಿ. ಅಂದರೆ ಕಿತ್ತ ಹೂವು ಬೀಜವನ್ನೇ ಕಾಣುವುದಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಇಷ್ಟೇ. ಕೊಂಡರೂ ಅಷ್ಟೇ, ಕಿತ್ತರೂ ಅಷ್ಟೇ. ಯಾರೋ ಕಿತ್ತಿದ್ದಕ್ಕೇ ತಾನೇ ಅದು ಬುಟ್ಟಿಗೆ ಬಂದಿದ್ದು?

ಚಾರಣಿಗ

ನಾನು ಸ್ವಲ್ಪ ಒಪ್ಪುವುದಿಲ್ಲ. ಬೆಂಗಳೂರಿನಿಂದ ಆ ಕಡೆ ಟ್ರೆಕ್ಕಿಂಗ್‌ಗೆ ಹೋಗುತ್ತಾ ಇರುತ್ತೇನೆ. ದಾರಿಯ ಕೊನೆಯ ಊರು ಘಾಂಘರಿಯಾದಿಂದ ಹೇಮಕುಂಡ ಹತ್ತುವಾಗ ಕೊನೆಯ ಏರಿನಲ್ಲಿ ಎರಡೂ ಪಕ್ಕ ಬ್ರಹ್ಮಕಮಲ ಕಾಣುತ್ತದೆ. ಒಂದೆರಡಲ್ಲ, ಇಳಿಜಾರಿನ ತುಂಬ. ಅದನ್ನು ನೋಡಿದವರು ಯಾರೂ ಇದು ಅಳಿದು ಹೋಗುತ್ತಿದೆ ಅನ್ನುವುದಿಲ್ಲ. ನಿಜವಾದ ಅಪಾಯ ಹವಾಮಾನ. ಕೆಳಗೆ ಬಿಸಿ ಏರಿದ ಹಾಗೆ ಗಿಡಗಳು ಮೇಲಕ್ಕೆ ಹೋಗುತ್ತಿವೆ. ಕೆಳಗಿನ ಪೊದೆ, ಹುಲ್ಲು ಮೇಲೆ ಬಂದರೆ ಅವುಗಳ ಮೇಲಿನದು ಇನ್ನೂ ಮೇಲೆ ಹೋಗಬೇಕು. ಬೆಟ್ಟ ಒಂದು ಕಡೆ ಮುಗಿದೇ ಹೋಗುತ್ತದಲ್ಲ? ಆಮೇಲೆ ಎಲ್ಲಿಗೆ ಹೋಗುತ್ತದೆ? ಇದಕ್ಕೆ ದಾವಣಗೆರೆಯ ಭಜನಾ ಮಂಡಳಿ ಕಾರಣವಲ್ಲ. ಸುಮ್ನೆ ಭಕ್ತರ ಮೇಲೆ ಹಾಕುವುದು ಸುಲಭ ಅಂತ ಹಾಕುತ್ತಾರೆ ಅಷ್ಟೇ.

ಗಿಡಗಂಟಿ

ಹವಾಮಾನದ ಮಾತು ಪೂರ್ತಿ ಸರಿ. ಆದರೆ ನೀವು ನೋಡಿದ ಇಳಿಜಾರು ಎಷ್ಟು ದೊಡ್ಡದು? ಬ್ರಹ್ಮಕಮಲ ಹಿಮಾಲಯದಲ್ಲಿ ಹಿಮಾಚಲ, ಉತ್ತರಾಖಂಡದಿಂದ ನೇಪಾಳ, ಸಿಕ್ಕಿಂ, ಭೂತಾನ್, ಟಿಬೆಟ್ ತನಕ ಹಬ್ಬಿದೆ, ನಕ್ಷೆಯಲ್ಲಿ ನೋಡಿದರೆ ಬಹಳ ಉದ್ದ. ನೆಲದ ಮೇಲೆ ಹಾಗಿಲ್ಲ. ಇಲ್ಲೊಂದು ತುಂಡು, ಇನ್ನೊಂದು ಬೆಟ್ಟದಲ್ಲಿ ಮತ್ತೊಂದು ತುಂಡು. ಒಂದು ಕಡೆ ದಂಡಿಯಾಗಿ ಇರುತ್ತದೆ, ಅದರ ಪಕ್ಕದ ಕಣಿವೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ದಾರಿ ಪಕ್ಕದ ತುಂಡು ಖಾಲಿಯಾದರೆ ಮತ್ತೆ ತುಂಬಲು ಬೀಜ ಇನ್ನೊಂದು ತುಂಡಿನಿಂದ ಗಾಳಿಯಲ್ಲಿ ಹಾರಿಯೇ ಬರಬೇಕು.

ಇನ್ನೊಂದು ಮಾತು. ಬಿಸಿ ಏರುವುದನ್ನು ನಾವು ಯಾರೂ ಈ ಆಗಸ್ಟ್ ಒಳಗೆ ನಿಲ್ಲಿಸಲಾರೆವು. ಹವಾಮಾನ ಕಷ್ಟ ಕೊಡುತ್ತಿದೆ ಅಂದರೆ ಗಿಡಕ್ಕೆ ಬೀಜ ಜಾಸ್ತಿ ಬೇಕು, ಕಮ್ಮಿ ಅಲ್ಲ. ಹೊಸ ಎತ್ತರಕ್ಕೆ ಹೋಗಿ ನೆಲೆ ಕಂಡುಕೊಳ್ಳುವುದು ಬೀಜವೇ ಹೊರತು ಬೇರು ನಡೆದು ಹೋಗುವುದಿಲ್ಲ. ಹಾಗಾಗಿ ಇದೋ ಅದೋ ಎಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ಎರಡೂ ಒಂದೇ ಗಿಡದ ಮೇಲೆ ಬೀಳುತ್ತಿವೆ.

ದೂನ್_ಕನ್ನಡಿಗ

ಕೆಲಸದ ಮೇಲೆ ಡೆಹ್ರಾಡೂನಿನಲ್ಲಿ ಇದ್ದೇನೆ, ಬದರಿ, ಹೇಮಕುಂಡ ಇರುವ ಚಮೋಲಿ ಜಿಲ್ಲೆ ಕಡೆಯವರು ಜೊತೆಯಲ್ಲಿದ್ದಾರೆ. ಅವರಿಂದ ಕೇಳಿದ್ದು, ನಾನೂ ನೋಡಿದ್ದು ಬರೆಯುತ್ತೇನೆ.

ಆ ಊರುಗಳಲ್ಲಿ ನಂದಾದೇವಿ ಅಂದರೆ ಮಗಳು. ತವರಿಗೆ ಬಂದು ಮತ್ತೆ ಕೈಲಾಸಕ್ಕೆ ಹೋಗುವ ಮಗಳು. ಭಾದ್ರಪದದ ನಂದಾಷ್ಟಮಿಗೆ, ಅಂದರೆ ನಮ್ಮ ಗಣೇಶ ಚೌತಿ ಆಗಿ ನಾಲ್ಕನೇ ದಿನಕ್ಕೆ, ಅವಳಿಗೆ ಬ್ರಹ್ಮಕಮಲ ಆಗಲೇಬೇಕು. ಊರಿನವರು ಆರಿಸಿ ಕಳಿಸಿದ ಕೆಲವರು ಬೆತ್ತದ ಬುಟ್ಟಿ ಹೊತ್ತು ಬುಗ್ಯಾಲ್‌ಗೆ ಹೋಗುತ್ತಾರೆ. ಬುಗ್ಯಾಲ್ ಅಂದರೆ ಮರದ ಗೆರೆಯ ಮೇಲಿನ ಹುಲ್ಲುಗಾವಲು. ಕೆಲವು ಊರಲ್ಲಿ ಇವರು ಬರಿಗಾಲಲ್ಲೇ ಹೋಗಬೇಕು, ಮಡಿಯಲ್ಲಿ ಇರಬೇಕು. ಅಷ್ಟಮಿಗೆ ಮೊದಲು ಮೇಲಿನ ಹೂವು, ಗಿಡಮೂಲಿಕೆ ಮುಟ್ಟಬಾರದು ಅನ್ನುವುದು ಹಳೇ ಕಟ್ಟುಪಾಡು. ಅಲ್ಲಿ ಕೂಗಬಾರದು, ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಹಾಕಬಾರದು, ಹಾಕಿದರೆ ಆಛ್ರಿಗಳು ಎಳೆದುಕೊಂಡು ಹೋಗುತ್ತಾರೆ ಅಂತ ಹೆದರಿಸುತ್ತಾರೆ. ಆಛ್ರಿ ಅಂದರೆ ಮೋಹಿನಿ ತರಹದ ಬೆಟ್ಟದ ದೇವತೆಗಳು.

ಈಗ ಲೆಕ್ಕ ಹಾಕಿ. ಊರಿಗೆ ಒಂದೆರಡು ಬುಟ್ಟಿ, ವರ್ಷಕ್ಕೆ ಒಂದು ಸಲ, ಅದೂ ಹೂವಿನ ಕಾಲ ಮುಗಿಯುತ್ತಾ ಬಂದಾಗ. ಅಷ್ಟರೊಳಗೆ ಮೊದಲು ಅರಳಿದ ಹೂಗಳು ಬೀಜದ ಕಡೆ ತಿರುಗಿರುತ್ತವೆ. ಅಲ್ಲಿಯ ಅಜ್ಜಂದಿರು ಸಸ್ಯಶಾಸ್ತ್ರ ಓದಿರಲಿಲ್ಲ, ಆದರೆ ಈ ಕಟ್ಟುಪಾಡು ಇದ್ದಷ್ಟು ದಿನ ಹೂವಿಗೆ ಏನೂ ಆಗಲಿಲ್ಲ. ಕೆಟ್ಟಿದ್ದು ಯಾವಾಗ ಅಂದರೆ ಹೂವು ಯಾತ್ರೆಯ ಸಾಮಾನು ಆದಾಗ. ಶ್ರಾವಣ ಶುರುವಾದ ಕೂಡಲೇ ಕೇದಾರದಲ್ಲಿ ಬೇಕು, ತುಂಗನಾಥದಲ್ಲಿ ಬೇಕು, ಬದರಿಯಲ್ಲಿ ಬೇಕು. ಅಷ್ಟಮಿ ತನಕ ಯಾರು ಕಾಯುತ್ತಾರೆ? ಕಾದವನ ಪಾಲಿಗೆ ಏನೂ ಉಳಿದಿರುವುದಿಲ್ಲ, ಮುಂಚೆ ಹೋದವನು ಕಿತ್ತಿರುತ್ತಾನೆ.

ಬಿಲ್ವಪತ್ರೆ

ನೋಡಿ, ನಾನು ಇದನ್ನು ಬೇರೆ ತರಹ ನೋಡುತ್ತೇನೆ. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ನಮ್ಮ ಕರ್ನಾಟಕದ ಕಡೆಯ ವೀರಶೈವರು. ಉಖೀಮಠ ಪಂಚಪೀಠಗಳಲ್ಲಿ ಒಂದು. ನಮಗೆ ಕೇದಾರ ಟೂರಿಸ್ಟ್ ಜಾಗ ಅಲ್ಲ. ಶಿವನಿಗೆ ಬ್ರಹ್ಮಕಮಲ ಏರಿಸುವುದು ಇವತ್ತು ನೆನ್ನೆಯದಲ್ಲ. ರಸ್ತೆ ಅಗಲ ಮಾಡಲು ಬೆಟ್ಟ ಸೀಳಬಹುದು, ಹೋಟೆಲ್ ಕಟ್ಟಬಹುದು, ಹೆಲಿಕಾಪ್ಟರ್ ಹಾರಬಹುದು, ವಯಸ್ಸಾದ ತಾಯಿಯೊಬ್ಬಳು ಒಂದು ಹೂವು ಏರಿಸಿದರೆ ಮಾತ್ರ ಪರಿಸರ ಹಾಳಾಗುತ್ತದಾ? ಪ್ರತಿ ಸಲ ನೀತಿ ಪಾಠ ಭಕ್ತರಿಗೇ ಯಾಕೆ?

ಚಾರಣಿಗ

ಬಿಲ್ವಪತ್ರೆಯವರ ಮಾತಿಗೆ ನನ್ನದೂ ಒಂದು ಓಟು. ಕೇದಾರಕ್ಕೆ 2019ರಲ್ಲಿ ಹೋದವರು 10 ಲಕ್ಷ. 2023ರಲ್ಲಿ 19 ಲಕ್ಷ ದಾಟಿತು. ಅಷ್ಟು ಜನರನ್ನು ಕರೆತಂದಿದ್ದು ಹೂವು ಮಾರುವವನಲ್ಲ.

ಗಿಡಗಂಟಿ

ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಚಾರಣಿಗರು ಕೊಟ್ಟ ಸಂಖ್ಯೆಯೇ ಉತ್ತರ ಹೇಳುತ್ತಿದೆ. 19 ಲಕ್ಷದಲ್ಲಿ ನೂರಕ್ಕೆ ಒಬ್ಬರು ಒಂದೇ ಒಂದು ಹೂವು ಕೊಂಡರೂ 19,000 ಹೂವು. ಒಬ್ಬ ತಾಯಿ ಒಂದು ಹೂವು ಏರಿಸಿದರೆ ಏನೂ ಆಗುವುದಿಲ್ಲ, ನಿಜ. ಆ ಒಬ್ಬ ತಾಯಿ ಈಗ ಒಬ್ಬರಾಗಿ ಉಳಿದಿಲ್ಲ ಅನ್ನುವುದೇ ತೊಂದರೆ.

ಕಿತ್ತರೆ ಗಿಡಕ್ಕೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಇದರ ಸೋದರ ಗಿಡದ ಕಥೆ ಕೇಳಿ. ಚೀನಾದ ಯುನ್ನಾನ್ ಪ್ರಾಂತದ ಬೆಟ್ಟಗಳಲ್ಲಿ ಹಿಮಕಮಲ ಅಂತ ಇದೆ, ಸೊಸ್ಸೂರಿಯಾ ಲ್ಯಾನಿಸೆಪ್ಸ್. ಮೈತುಂಬ ಬಿಳಿ ಉಣ್ಣೆ ಹೊದ್ದ ಗಿಡ. ಟಿಬೆಟಿಯನ್ ಮತ್ತು ಚೀನೀ ಔಷಧಿಯಲ್ಲಿ ಬಳಸುತ್ತಾರೆ, ಈಗ ಪ್ರವಾಸಿಗಳೂ ಕೊಳ್ಳುತ್ತಾರೆ. ಇದು ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಗಿಡ, ನಮ್ಮ ಬಿದಿರಿನ ಹಾಗೆ. ಕೀಳುವವರಿಗೆ ದೊಡ್ಡದೇ ಬೇಕು. ದೊಡ್ಡದಕ್ಕೆ ಬೆಲೆ ಜಾಸ್ತಿ. ಮಿಸೌರಿ ಬೊಟಾನಿಕಲ್ ಗಾರ್ಡನ್‌ನ ವೇಯ್ನ್ ಲಾ ಮತ್ತು ಜ್ಯಾನ್ ಸ್ಯಾಲಿಕ್ ಹಳೇ ಸಸ್ಯಸಂಗ್ರಹಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಒಣಗಿಸಿ ಇಟ್ಟಿದ್ದ ಗಿಡಗಳನ್ನು ತೆಗೆದು ಅಳತೆ ಮಾಡಿದರು. 2005ರಲ್ಲಿ ಪ್ರಕಟಿಸಿದರು. ಕಾಲ ಹೋದ ಹಾಗೆ ಗಿಡ ಗಿಡ್ಡವಾಗುತ್ತಾ ಬಂದಿದೆ! ಎತ್ತರದವು ಬೀಜ ಬಿಡುವ ಮೊದಲೇ ಕಿತ್ತು ಹೋದವು, ಕುಳ್ಳಗಿದ್ದವು ಕಣ್ತಪ್ಪಿಸಿ ಉಳಿದವು, ಅವುಗಳ ಮಕ್ಕಳೂ ಕುಳ್ಳಗೆ. ಅದೇ ಬೆಟ್ಟದಲ್ಲಿ ಸೊಸ್ಸೂರಿಯಾ ಮೆಡೂಸಾ ಅಂತ ಇನ್ನೊಂದು ಜಾತಿ ಇದೆ, ಅದನ್ನು ಅಷ್ಟಾಗಿ ಕೀಳುವುದಿಲ್ಲ. ಅದರ ಎತ್ತರ ಇದ್ದ ಹಾಗೇ ಇದೆ. ಹಾಗಾಗಿ ಹವಾಮಾನ ಕಾರಣ ಅನ್ನುವಂತಿಲ್ಲ, ಹವಾಮಾನ ಇಬ್ಬರಿಗೂ ಒಂದೇ.

ಬಿಲ್ವಪತ್ರೆಯವರು ಗಮನಿಸಬೇಕಾದ್ದು ಇದು. ಅಲ್ಲಿ ದೇವರ ಬೆಟ್ಟ ಎಂದು ಜನ ಕೀಳದೆ ಬಿಟ್ಟ ಜಾಗಗಳಿವೆ. ಅಲ್ಲಿ ಗಿಡಗಳು ಎತ್ತರವಾಗಿಯೇ ಇವೆ. ಭಕ್ತಿ ಹೂವಿನ ವೈರಿ ಅಂತ ನಾನು ಹೇಳುತ್ತಿಲ್ಲ, ಭಕ್ತಿಯೇ ಅಲ್ಲಿ ಹೂವು ಉಳಿಸಿದೆ. ದೂನ್ ಕನ್ನಡಿಗರು ಹೇಳಿದ ನಂದಾಷ್ಟಮಿ ಕಟ್ಟುಪಾಡೂ ಅದೇ ತಾನೇ?

ಅಕ್ಷರ_ತಪ್ಪು

ಇದೇ ತರಹದ್ದು ಇನ್ನೊಂದು ಓದಿದ್ದೆ. ಅಲ್ಲೇ ಚೀನಾದ ಬೆಟ್ಟದಲ್ಲಿ ಫ್ರಿಟಿಲ್ಲೇರಿಯಾ ಡೆಲಾವೇಯಿ ಅಂತ ಗಿಡ, ಕೆಮ್ಮಿನ ಔಷಧಿಗೆ ಅದರ ಗೆಡ್ಡೆ ಅಗೆಯುತ್ತಾರೆ. ಜಾಸ್ತಿ ಅಗೆಯುವ ಕಡೆ ಗಿಡಗಳು ಹಸಿರು ಬಣ್ಣ ಬಿಟ್ಟು ಕಲ್ಲಿನ ಬಣ್ಣಕ್ಕೆ, ಬೂದು ಕಂದು ಬಣ್ಣಕ್ಕೆ ತಿರುಗಿವೆಯಂತೆ, ನಮ್ಮ ಕಣ್ಣಿಗೆ ಬೀಳಬಾರದು ಅಂತ. ಯಾರೂ ಹೋಗದ ಜಾಗದಲ್ಲಿ ಇನ್ನೂ ಹಸಿರೇ. 2020ರಲ್ಲಿ ಬಂದ ಅಧ್ಯಯನ. ಓದಿ ಒಂದು ಕ್ಷಣ ಹೆದರಿಕೆಯೇ ಆಯಿತು.

ಕಾಫಿಗಿಡ

ಚಿಕ್ಕಮಗಳೂರಿನವನು. 2022ರಲ್ಲಿ ಚಂದ್ರದ್ರೋಣದಲ್ಲಿ ಕುರಿಂಜಿ ಅರಳಿದಾಗ ನೋಡಬೇಕಿತ್ತು ನೀವು. ಹನ್ನೆರಡು ವರ್ಷ ಕಾದು ಬಿಡುವ ಹೂವನ್ನು ಜನ ಕೈತುಂಬ ಕಿತ್ತು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ಇಳಿಯುತ್ತಿದ್ದರು. ಇಳಿಯುವಷ್ಟರಲ್ಲಿ ಬಾಡಿ ಹೋಗುತ್ತಿತ್ತು. ಅವರು ಯಾವ ದೇವರಿಗೂ ಏರಿಸಲಿಲ್ಲ. ಹಾಗಾಗಿ ಭಕ್ತರು, ಟ್ರೆಕ್ಕರ್‌ಗಳು ಎಂದು ಬೇರೆ ಮಾಡಬೇಡಿ. ಮೊಬೈಲ್ ಹಿಡಿದವರು ಎಲ್ಲರೂ ಒಂದೇ.

ದೂನ್_ಕನ್ನಡಿಗ

ಕಾಫಿಗಿಡದವರು ಟ್ರೆಕ್ಕರ್‌ಗಳ ಹೆಸರು ತೆಗೆದರಲ್ಲ, ಹೇಳಿಬಿಡುತ್ತೇನೆ, ಚಾರಣಿಗರು ಬೇಜಾರು ಮಾಡಿಕೊಳ್ಳಬಾರದು. ರೂಪಕುಂಡದ ದಾರಿಯ ಆಲಿ, ಬೇದಿನಿ ಬುಗ್ಯಾಲ್‌ಗಳಲ್ಲಿ ಒಂದು ಕಾಲದಲ್ಲಿ ಟೆಂಟುಗಳ ಊರೇ ಇರುತ್ತಿತ್ತು. ಹುಲ್ಲಿನ ಹೊದಿಕೆ ಒಂದು ಸಲ ಸವೆದು ಮಣ್ಣು ಕಂಡರೆ ಆ ಎತ್ತರದಲ್ಲಿ ಮತ್ತೆ ಹಿಡಿಯಲು ವರ್ಷಗಟ್ಟಲೆ ಬೇಕು, ಮಳೆಗೆ ಕೊಚ್ಚಿ ಹೋದರೆ ಅದೂ ಇಲ್ಲ. ಊರಿನವರ ಒಂದು ಸಮಿತಿಯೇ ಕೋರ್ಟಿಗೆ ಹೋಯಿತು. ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು, 200 ಜನರ ಮಿತಿ ಹಾಕಿತು, ಅಲ್ಲಿ ಕಟ್ಟಿದ್ದನ್ನೆಲ್ಲ ತೆಗೆಸಲು ಹೇಳಿತು. ಟ್ರೆಕ್ಕಿಂಗ್ ನಂಬಿಕೊಂಡಿದ್ದ ಕುದುರೆಯವರು, ಗೈಡುಗಳು ಕೆಲಸ ಕಳೆದುಕೊಂಡರು, ಅದೂ ನಿಜ. ಆ ಸಂಕಟ ಬೆಂಗಳೂರಿನಲ್ಲಿ ಕೂತು ಬುಕ್ ಮಾಡುವವರಿಗೆ ತಟ್ಟಲಿಲ್ಲ, ಅವರು ಬೇರೆ ಟ್ರೆಕ್‌ಗೆ ಹೋದರು.

ಇನ್ನು ಕೀಡಾಜಡಿ. ಹುಳದ ಮೇಲೆ ಬೆಳೆಯುವ ಆ ಶಿಲೀಂಧ್ರ, ಯಾರ್ಸಾಗುಂಬಾ ಅಂತಲೂ ಹೇಳುತ್ತಾರೆ. ಬೆಲೆ ಎಷ್ಟೆಂದರೆ ಮೇ, ಜೂನ್ ಬಂತೆಂದರೆ ಊರಿಗೆ ಊರೇ ಬುಗ್ಯಾಲ್‌ನಲ್ಲಿ ಟೆಂಟ್ ಹಾಕಿ ಮೊಣಕಾಲೂರಿ ಹುಡುಕುತ್ತಿರುತ್ತದೆ. ಹಿಮ ಆಗಷ್ಟೇ ಕರಗಿರುತ್ತದೆ, ಬ್ರಹ್ಮಕಮಲ ಮತ್ತು ಎಲ್ಲಾ ಗಿಡಗಳ ಮೊಳಕೆ ಮೇಲೆ ಬರುವ ಹೊತ್ತು ಅದೇ. ತುಳಿತ, ಅಗೆತ, ಒಲೆಗೆ ಕುರುಚಲು ಕಡಿಯುವುದು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬೇರೆ ದುಡಿಮೆ ಇಲ್ಲದ ಊರಲ್ಲಿ ವರ್ಷದ ಸಂಪಾದನೆ ಅದು.

ಚಾರಣಿಗ

ಬೇಜಾರು ಏನಿಲ್ಲ. ಟೆಂಟಿನ ವಿಷಯ ಕೋರ್ಟ್ ಹೇಳಿದ್ದು ಸರಿ ಅಂತಲೇ ನಾನೂ ಹೇಳುವುದು. ಆದರೆ ಅದೇ ರಾಜ್ಯದಲ್ಲಿ ಇನ್ನೊಂದು ಕಡೆ ನೋಡಿ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಎರಡು ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್. ಗೋವಿಂದಘಾಟ್‌ನಿಂದ ಹೇಮಕುಂಡಕ್ಕೆ 12.4. ಹೇಮಕುಂಡದ್ದು ದಿನಕ್ಕೆ 11,000 ಜನರನ್ನು ಹೊರಬಲ್ಲದು. ಬುಗ್ಯಾಲ್‌ಗೆ 200 ಜನ, ಇಲ್ಲಿ 11,000! ಬ್ರಹ್ಮಕಮಲ ದಟ್ಟವಾಗಿರುವ ಇಳಿಜಾರಿನ ತುದಿಗೇ ಇಳಿಸುತ್ತದೆ ಇದು. ಇಷ್ಟು ದಿನ ಆ ಹೂವನ್ನು ಕಾಯುತ್ತಿದ್ದುದು ಕಾನೂನಲ್ಲ, ಕಡಿದಾದ ಏರು. ಉಸಿರು ಸಿಗದೆ ಅರ್ಧದಲ್ಲಿ ವಾಪಸ್ ಬರುವವರೂ ಇರುತ್ತಾರೆ.

ಬಿಲ್ವಪತ್ರೆ

ಕಾಲಿಲ್ಲದವರಿಗೂ ದರ್ಶನ ಆಗಬೇಕಲ್ಲ ಸ್ವಾಮಿ. ರೋಪ್‌ವೇ ಬಂದರೆ ಕುದುರೆ, ಹೇಸರಗತ್ತೆಗಳ ಗೋಳಾದರೂ ತಪ್ಪುತ್ತದೆ. ಅವುಗಳನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ಜನ ಬರಲಿ, ಹೂವು ಕೀಳದಂತೆ ಕಾವಲು ಹಾಕಲಿ. ಯಾಕೆ ಆಗುವುದಿಲ್ಲ?

ಗಿಡಗಂಟಿ

ಹೇಸರಗತ್ತೆ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಕಾವಲು ಹಾಕಬಹುದು, ರಾಷ್ಟ್ರೀಯ ಉದ್ಯಾನ, ವನ್ಯಧಾಮದೊಳಗೆ ಗಿಡ ಕೀಳುವುದು ಈಗಲೂ ಅಪರಾಧವೇ. ಕಾನೂನಿನಲ್ಲಿ ಒಂದು ವಿಚಿತ್ರ ಇದೆ ನೋಡಿ. ವನ್ಯಜೀವಿ ಕಾಯ್ದೆಯ ಹಳೇ ಆರನೇ ಅನುಸೂಚಿಯಲ್ಲಿ ಗಿಡಗಳಿಗೆ ಜಾಗ ಇತ್ತು. ಅದರಲ್ಲಿ ಇದ್ದದ್ದೇ ಆರು. ಬ್ರಹ್ಮಕಮಲ ಅದರಲ್ಲಿ ಇರಲಿಲ್ಲ. ಅದರ ಹತ್ತಿರದ ನೆಂಟ ಕೋಷ್ಠ ಇತ್ತು. ಗ್ರಂಥಿಗೆ ಅಂಗಡಿಯಲ್ಲಿ ಕೋಷ್ಠ ಅಂತ ಘಮಘಮ ಬೇರು ಕೊಡುತ್ತಾರಲ್ಲ, ಅದೇ, ಅದೂ ಸೊಸ್ಸೂರಿಯಾ ಕುಲಕ್ಕೆ ಸೇರಿಸಿದ್ದ ಗಿಡ. ಬೇರು ಅಗೆದು ಅಗೆದು ಕಾಡಿನಲ್ಲಿ ಅದು ಮುಗಿಯುವ ಹಂತಕ್ಕೆ ಬಂದಿದೆ. ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಇರುವ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಕೋಷ್ಠವೂ ಇದೆ.

ಮಣ್ಣಿನ_ಮಗ

ಹಾಗಾದರೆ ಬೆಳೆದು ಮಾರಬಹುದಲ್ಲ? ಕೋಷ್ಠ ಹೊಲದಲ್ಲಿ ಬೆಳೆಯುತ್ತಾರೆ ಎಂದು ಕೇಳಿದ್ದೆ. ಬ್ರಹ್ಮಕಮಲವನ್ನೂ ಬೆಳೆದರೆ ಭಕ್ತರಿಗೆ ಹೂವು, ರೈತರಿಗೆ ದುಡ್ಡು, ಬೆಟ್ಟದ ಗಿಡಕ್ಕೆ ನೆಮ್ಮದಿ. ಆನ್‌ಲೈನ್‌ನಲ್ಲಿ ಗಿಡ ಮಾರುವವರೂ ಇದ್ದಾರಲ್ಲ.

ಗಿಡಗಂಟಿ

ಆನ್‌ಲೈನ್‌ನಲ್ಲಿ ಬರುವುದು ಹಿತ್ತಲ ಮಲ್ಲಿಗೆಯವರ ಕಳ್ಳಿ ಹೂವೇ. ಮೋಸ ಹೋಗಬೇಡಿ.

ಕೋಷ್ಠವನ್ನು ಹಿಮಾಚಲದ ಲಾಹೌಲ್‌ನಲ್ಲಿ ತುಂಬ ಹಿಂದಿನಿಂದ ಬೆಳೆಯುತ್ತಾರೆ, ಸರಿ. ಆದರೆ ಅದು ಬೇರು. ಅಗೆದು ಒಣಗಿಸಿ ಮೂಟೆ ಕಟ್ಟಿದರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಬ್ರಹ್ಮಕಮಲ ಹಸಿ ಹೂವು. ಬೆಳೆಯುವ ಜಾಗ ದೇವಸ್ಥಾನಕ್ಕೆ ಹತ್ತಿರ, ಅಷ್ಟೇ ಎತ್ತರದಲ್ಲಿ ಇರಬೇಕು. ಅಲ್ಲಿ ವರ್ಷಕ್ಕೆ ಕೆಲವೇ ತಿಂಗಳು ಕೆಲಸ ಮಾಡಬಹುದು. ಬೀಜದಿಂದ ಹೂವಿಗೆ ಬರಲು ಎತ್ತರದ ಗಿಡಗಳು ನಿಧಾನ ಮಾಡುತ್ತವೆ. ಗಢವಾಲ್‌ನ ಶ್ರೀನಗರದಲ್ಲಿ, ಕಾಶ್ಮೀರದ ಶ್ರೀನಗರ ಅಲ್ಲ, ವಿಶ್ವವಿದ್ಯಾಲಯದವರ ಎತ್ತರದ ಸಸ್ಯಗಳ ಸಂಶೋಧನಾ ಕೇಂದ್ರ ಇದೆ. ತುಂಗನಾಥದಲ್ಲಿ ಅವರ ಪ್ರಯೋಗದ ತಾಕು ಇದೆ. ಇಂಥ ಗಿಡಗಳನ್ನು ಬೆಳೆಸುವ ಕೆಲಸ ಅವರದೇ. ಊರ ಮಹಿಳಾ ಮಂಡಲಗಳ ಕೈಯಲ್ಲಿ ಹೀಗೆ ನರ್ಸರಿ ಆಗಿ, ದೇವಸ್ಥಾನಕ್ಕೆ ಹೋಗುವ ಹೂವೆಲ್ಲ ಅಲ್ಲಿಂದಲೇ ಬರಬೇಕು ಎಂದಾದರೆ ನಾನು ಮೊದಲು ಕೊಳ್ಳುತ್ತೇನೆ. ಆದರೆ ಬುಟ್ಟಿಯಲ್ಲಿ ಇರುವುದು ನರ್ಸರಿಯದೋ ಬೆಟ್ಟದ್ದೋ ಕೊಳ್ಳುವವರಿಗೆ ಹೇಗೆ ತಿಳಿಯಬೇಕು? ಕಿತ್ತು ತರುವವನಿಗೆ ಖರ್ಚು ಬರೀ ಕಾಲುನೋವು. ಬೆಳೆಯುವವನು ಅವನ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲಾರ.

ಅಕ್ಷರ_ತಪ್ಪು

ಬೇಲಿ ಹಾಕಿ ಯಾರನ್ನೂ ಬಿಡದಿದ್ದರೆ? ಹೂಕಣಿವೆಯಲ್ಲಿ ಹಾಗೆ ಮಾಡಿದ್ದಾರಲ್ಲ.

ದೂನ್_ಕನ್ನಡಿಗ

ಹೂಕಣಿವೆಗೆ ಜನರನ್ನು ಬಿಡುತ್ತಾರೆ, ರಾತ್ರಿ ಉಳಿಯಲು ಬಿಡುವುದಿಲ್ಲ. ಪೂರ್ತಿ ಬಿಡದೆ ಇರುವುದು ದನಕುರಿಗಳನ್ನು. 1931ರಲ್ಲಿ ಕಾಮೆಟ್ ಶಿಖರ ಏರಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ ತಂಡ ದಾರಿಯಲ್ಲಿ ಕಣಿವೆ ಕಂಡಿತು, ಹೊರಜಗತ್ತಿಗೆ ಸುದ್ದಿ ಹೋಯಿತು. ಕುರುಬರಿಗೆ ಮಾತ್ರ ಮೊದಲೇ ಗೊತ್ತಿತ್ತು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಮೇಯಿಸುವುದು ನಿಂತಿತು. ಆಮೇಲೆ ಪಾಲಿಗೋನಮ್ ಅನ್ನುವ ಎತ್ತರದ ಕಳೆಯಂಥ ಗಿಡ ದಟ್ಟವಾಗಿ ಹಬ್ಬಿ ಚಿಕ್ಕ ಹೂಗಳನ್ನು ಮುಚ್ಚತೊಡಗಿತು. ಅದು ಪರದೇಶಿ ಅಲ್ಲ, ಅಲ್ಲಿಯದೇ ಗಿಡ. ಕುರಿ ನಿಲ್ಲಿಸಿದ್ದಕ್ಕೇ ಹಬ್ಬಿತು ಅಂತ ಕೆಲವರು. ಇಲ್ಲ, ಕುರಿ ತುಳಿದು ಕೆಟ್ಟ ನೆಲದಲ್ಲೇ ಅದು ಮೊದಲು ಬೇರೂರಿದ್ದು ಅಂತ ಇನ್ನು ಕೆಲವರು. ವಿಜ್ಞಾನಿಗಳೇ ಜಗಳ ಆಡಿದ್ದಾರೆ. ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಲೇ ಇರುತ್ತದೆ. ಬೇಲಿ ಹಾಕಿ ಕೂತರೆ ಆಯಿತು ಅನ್ನುವಷ್ಟು ಸಲೀಸಲ್ಲ ಇದು. ಹಾಗಂತ ಬ್ರಹ್ಮಕಮಲಕ್ಕೆ ಅದರಿಂದ ನೇರ ತೊಂದರೆ ಕಮ್ಮಿ, ಇದು ಕಣಿವೆಯ ತಳಕ್ಕಿಂತ ಮೇಲಿನ ಇಳಿಜಾರಿನ ಹೂವು.

ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಹೊಸ ನಿಯಮ ತರುವ ಮೊದಲು ಆ ಹಳೇ ಅಷ್ಟಮಿ ನಿಯಮವನ್ನೇ ದೇವಸ್ಥಾನ ಸಮಿತಿಗಳು ಒಪ್ಪಿಕೊಂಡರೆ ಸಾಕು. ಅಷ್ಟಮಿಗೆ ಮೊದಲು ತಂದ ಹೂವು ದೇವರಿಗೆ ಸಲ್ಲುವುದಿಲ್ಲ ಎಂದು ಅರ್ಚಕರು ಒಂದು ಮಾತು ಹೇಳಲಿ. ಕಾವಲುಗಾರ ನೂರು ಜನ ಮಾಡಲಾಗದ್ದು ಆ ಮಾತಿನಿಂದ ಆಗುತ್ತದೆ. ಜುಲೈನಲ್ಲಿ ಬುಟ್ಟಿ ಹಿಡಿದು ಕೂರಲು ಯಾರಿಗೂ ಲಾಭ ಇರುವುದಿಲ್ಲ.

ಬಿಲ್ವಪತ್ರೆ

ಇದು ಒಪ್ಪುವ ಮಾತು. ಶಾಸ್ತ್ರವೇ ಬೇಡ ಅಂದರೆ ಯಾರೂ ಏರಿಸುವುದಿಲ್ಲ. ನಮ್ಮ ಕಡೆಯ ಸ್ವಾಮಿಗಳೂ ಹೊರಡುವವರಿಗೆ ಇಷ್ಟು ಹೇಳಿ ಕಳಿಸಬಹುದು. ಬೋರ್ಡ್ ಹಾಕಿ ದಂಡ ಅಂದರೆ ಜನ ಕೇಳುವುದಿಲ್ಲ.

ಬೆಣ್ಣೆನಗರಿ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಕುಳ್ಳಗಾದ ಗಿಡದ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರು. "ಸರಿ, ನಾನು ಕೊಳ್ಳುವುದಿಲ್ಲ. ಅರ್ಚಕರೇ ಪ್ರಸಾದ ಅಂತ ಕೈಗೆ ಹಾಕಿದರೆ? ಬೇಡ ಅನ್ನಲಾ?" ಇದಕ್ಕೆ ಉತ್ತರ ಹೇಳಿ. ಜೊತೆಗೆ ಹೇಮಕುಂಡಕ್ಕೆ ಹೋಗುವವರು ಏನು ನೋಡಿಕೊಳ್ಳಬೇಕು, ಅದನ್ನೂ.

ದೂನ್_ಕನ್ನಡಿಗ

ಪ್ರಸಾದ ಬಂದರೆ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳಲಿ. ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಬುಟ್ಟಿಯವನ ಹತ್ತಿರ ಮಾತ್ರ ನಿಲ್ಲುವುದು ಬೇಡ. ಅರ್ಚನೆಗೆ ಬಿಲ್ವಪತ್ರೆ ಊರಿಂದಲೇ ಒಂದಿಷ್ಟು ಒಯ್ದರೆ ಶಿವನಿಗೆ ಅದಕ್ಕಿಂತ ಇಷ್ಟವಾದದ್ದು ಇನ್ನೇನಿದೆ?

ಹೇಮಕುಂಡದ್ದು: ಘಾಂಘರಿಯಾದಿಂದ ಸುಮಾರು ಆರು ಕಿಲೋಮೀಟರ್, ಪೂರ್ತಿ ಏರು, ಮೇಲೆ 4,300 ಮೀಟರ್ ದಾಟುತ್ತದೆ. ಬೆಳಗ್ಗೆ ಬೇಗ ಹೊರಡಬೇಕು, ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ, ಮಧ್ಯಾಹ್ನಕ್ಕೆ ಇಳಿಸಿಬಿಡುತ್ತಾರೆ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರ್ ಕೇಳಿಯೇ ಹೋಗಲಿ. ಹೂವು ಕಾಣಲು ಕೊನೆಯ ಏರಿನಲ್ಲಿ ಎರಡೂ ಪಕ್ಕದ ಬಂಡೆಗಳ ನಡುವೆ ನೋಡಿ. ದಾರಿ ಬಿಟ್ಟು ಇಳಿಜಾರಿಗೆ ಹತ್ತಬೇಡಿ, ಹೂವು ತುಳಿದು ಫೋಟೋ ತೆಗೆಯುವವರೇ ಈಗ ಜಾಸ್ತಿ. ಆಗಸ್ಟ್ ಅಂದರೆ ಮಳೆ ಜೋರು, ಚಮೋಲಿ ರಸ್ತೆಯಲ್ಲಿ ಗುಡ್ಡ ಕುಸಿದು ದಿನಗಟ್ಟಲೆ ನಿಲ್ಲಿಸುತ್ತಾರೆ. ವಾಪಸ್ ಟಿಕೆಟ್‌ಗೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.